ಆರಿದರೆ ಆರು

ತೊಕೊಪಿಯಾದಲ್ಲಿ ಮಳೆ ಸುರಿದದ್ದು ನನಗೆ ನೆನಪಿಲ್ಲ.
ಆದರೂ ಇಲ್ಲಿ ಏನೂ ಆರುವುದಿಲ್ಲ.
ಸಂಜೆಯಾದರೆ ಕಡಲು ಮೇಲೆದ್ದು ಬೀದಿಗೆ ಬರುತ್ತದೆ,
ಕಮಂಚಾಕ ಅನ್ನುತ್ತೇವೆ, ಉಪ್ಪು ಬೆರೆತ ಮಂಜು.
ಹಗ್ಗದ ಮೇಲಿನ ಅಂಗಿ ಮೂರು ದಿನ ಕಳೆದರೂ
ಕಂಕುಳಲ್ಲಿ ಹಸಿ.

ಗಣಿಯಿಂದ ಫಿಲ್ಟರು ಬರುತ್ತವೆ,
ಮನೆಯೆತ್ತರದ ಟಿಪ್ಪರುಗಳ ಮೂಗಿನಿಂದ ಕಳಚಿದವು.
ಒಳಗೆಲ್ಲ ನೆರಿಗೆ ಹಿಡಿದ ಕಾಗದ;
ಬಿಚ್ಚಿ ಹಾಸಿದರೆ ನಮ್ಮ ಓಣಿ ಮುಗಿದರೂ ಅದು ಮುಗಿಯದು.
ತೊಳೆಯುವವನು ನಾನು. ಅದು ಸುಲಭ.
ತೊಟ್ಟಿ, ಸೋಪು, ಮೆಲ್ಲಗೆ ಬಿಟ್ಟ ನೀರು,
ಒಳಗಿನಿಂದ ಹೊರಕ್ಕೆ,
ಧೂಳು ಬಂದ ದಾರಿಗೇ ವಾಪಸ್ಸು.
ಕಷ್ಟವೆಲ್ಲ ಆಮೇಲೆ.

ಎದುವಿನಾ ಕಾಯೋ ಹೇಳುತ್ತಾಳೆ:
ಒದ್ದೆ ಕಾಗದ ಬಾಣಂತಿ ಇದ್ದ ಹಾಗೆ,
ಎತ್ತಿ ಕುಕ್ಕಬೇಡ,
ಗಾಳಿಯ ಪೈಪು ಹತ್ತಿರ ತರಲೇಬೇಡ.
ಮೊದಲು ತುದಿಯ ಮೇಲೆ ನಿಲ್ಲಿಸು,
ಇಳಿಯುವಷ್ಟು ನೀರು ತಾನೇ ಇಳಿಯಲಿ.
ಆಮೇಲೆ ಬಿಸಿ ಕೋಣೆ. ಅರವತ್ತು ಡಿಗ್ರಿ,
ಅರವತ್ತೊಂದು ಕಂಡರೆ ನನ್ನನ್ನು ಕರಿ.
ಬಿಸಿಗಿಂತ ಗಾಳಿ ಮುಖ್ಯ ಕಣೋ,
ಹಬೆಗೆ ಬಾಗಿಲು ತೋರಿಸದಿದ್ದರೆ
ನೀನು ಒಣಗಿಸುತ್ತಿಲ್ಲ, ಬೇಯಿಸುತ್ತಿದ್ದೀ.

ಅವಳದೊಂದು ಕೊಕ್ಕೆ ತಕ್ಕಡಿ, ಮೀನುಪೇಟೆಯದು.
ಹೊಸ ಫಿಲ್ಟರು ಆರು ಕಿಲೋ.
ತೊಟ್ಟಿಯಿಂದ ಎದ್ದಾಗ ಹನ್ನೊಂದು.
ರಾತ್ರಿ ಎಂಟಕ್ಕೆ ಎಂಟು. ಕೋಳಿ ಕೂಗುವಾಗ ಏಳು.
ಮುಟ್ಟಿದರೆ ಏಳೂ ಒಣಗಿದಂತೆಯೇ.
ಅಂಗೈ ನಂಬಿಬಿಡುತ್ತದೆ. ನೆರಿಗೆಯ ಬುಡದಲ್ಲಿ
ಒಂದು ಕಿಲೋ ಕಡಲು ಇನ್ನೂ ಅಡಗಿ ಕೂತಿದೆ.
ಆರಿದರೆ ಆರು.
ಆರಾಗದೆ ಆರಿಲ್ಲ.

ಜುಲೈನಲ್ಲಿ ಬೀಸಣಿಗೆಯ ಮೋಟಾರು ಸುಟ್ಟಿತು.
ಗೋಡೆಗೆ ನಲವತ್ತು ಫಿಲ್ಟರು, ನಾಡಿದ್ದು ಕೊಡಬೇಕಾದವು.
ಸೂಪರ್‌ವೈಸರ್ ತೆರ್ರಾಸಾಸ್ ಗುಂಡಿಯನ್ನು
ನೂರಹತ್ತಕ್ಕೆ ತಿರುವಿ ಚಹಾ ಕುಡಿಯಲು ಹೋದ.
ಬರುವಷ್ಟರಲ್ಲಿ ಅಂಟು ಬೆವರಿತ್ತು,
ರಬ್ಬರಿನ ಬಳೆ ಸೊಟ್ಟಗಾಗಿತ್ತು.
ನಾಲ್ಕು ಹೋದವು. ಉಳಿದದ್ದು ಮೂವತ್ತಾರು.

ಎದುವಿನಾ ತಮ್ಮನಿಗೆ ಫೋನು ಮಾಡಿದಳು,
ಅವನದು ಮೀನಿನ ಲಾರಿ.
ವಾಸನೆ ಹತ್ತದಂತೆ ಒಂದೊಂದಕ್ಕೂ
ಅವಳ ಮನೆಯ ಹಾಸಿಗೆ ಬಟ್ಟೆ ಸುತ್ತಿ ಏರಿಸಿದೆವು.

ಮಂಜಿಗೂ ಒಂದು ಎತ್ತರ ಇದೆ.
ಏರು ಹತ್ತಿ, ತಿರುವು ಎಣಿಸಿ, ಸಾವಿರ ಮೀಟರಿನಲ್ಲಿ
ಒಮ್ಮೆಗೇ ವೈಪರು ಕಿರ್ರೆಂದಿತು,
ಗಾಜು ಒಣಗಿತ್ತು.
ತಲೆಯ ಮೇಲೆ ನಕ್ಷತ್ರಗಳು, ಅಷ್ಟೂ.

ಅಲ್ಲೊಂದು ಪಾಳು ಊರು, ಒಂದು ಕಾಲದಲ್ಲಿ ಉಪ್ಪುನೆಲ ಅಗೆದು ಬದುಕಿದ್ದು.
ಅವಳು ಹುಟ್ಟಿದ್ದು ಅಲ್ಲಿ.
ಧೂಳು ಏಳದ ಜಾಗ ಅವಳಿಗೆ ಗೊತ್ತಿತ್ತು:
ಫುಟ್‌ಬಾಲ್ ಮೈದಾನ, ನೆಲವೆಲ್ಲ ಕಲ್ಲಾದ ಉಪ್ಪು.
ಸಿಮೆಂಟಿನ ಮೆಟ್ಟಿಲುಗಳ ಮೇಲೆ
ಫಿಲ್ಟರುಗಳನ್ನು ಸಾಲಾಗಿ ಕೂರಿಸಿದೆವು,
ಹೊದ್ದುಕೊಂಡು ಪಂದ್ಯ ನೋಡಲು ಬಂದವರ ಹಾಗೆ.
ಮೂರನೆಯ ಮೆಟ್ಟಿಲು, ಎಡದ ತುದಿ, ಅಪ್ಪ ಕೂರುತ್ತಿದ್ದದ್ದು, ಅಂದಳು.
ಅಲ್ಲಿ ಏನೂ ಇಡಲಿಲ್ಲ.

ಇಡೀ ಹಗಲು ಬಿಸಿಲು, ಮಧ್ಯಾಹ್ನದ ಮೇಲೆ ಪಡುವಣ ಗಾಳಿ.
ನಾವು ರೊಟ್ಟಿ ತಿಂದೆವು, ಅವಳ ತಮ್ಮ ನಿದ್ದೆ ಹೊಡೆದ.
ಮುಸ್ಸಂಜೆಗೆ ತಕ್ಕಡಿ.
ಆರು. ಆರು. ಆರು. ಮೂವತ್ತೈದು ಸಲ ಆರು.
ಕೊನೆಯದು ನಲವತ್ತು ಗ್ರಾಂ ಕಡಿಮೆ.
ಎಲ್ಲಕ್ಕಿಂತ ಚೆನ್ನಾಗಿ ಆರಿದೆ, ಅಂದೆ.
ಆರಿಗಿಂತ ಕೆಳಗೆ ಯಾವುದೂ ಆರುವುದಿಲ್ಲ, ಅಂದಳು,
ಏನೋ ಹೋಗಿದೆ.

ಕತ್ತಲಾಗಲಿ ಎಂದು ಕಾದು
ಟಾರ್ಚನ್ನು ಅದರ ಹೊಟ್ಟೆಯೊಳಗೆ ಇಳಿಸಿದಳು.
ಸುತ್ತ ಮಂಕು ಕೆಂಪು,
ಒಂದು ನೆರಿಗೆಯಂಚಿನಲ್ಲಿ ಮಾತ್ರ
ಬೆಳಕಿನ ಬಿಳಿ ಗೀರು.

ಅದು ಯಾವುದೆಂದು ನನಗೆ ಗೊತ್ತಿತ್ತು.
ಮಂಗಳವಾರ, ಅವಳು ಊಟಕ್ಕೆ ಹೋದಾಗ,
ಗಾಳಿಯ ಪೈಪು, ಒಂದೇ ಒಂದು ನಿಮಿಷ.

ಕೇಳಲಿಲ್ಲ ಅವಳು. ಟಾರ್ಚು ಆರಿಸಿದಳು.
ಇಳಿಜಾರಿನುದ್ದಕ್ಕೂ, ಮಂಜು ಮತ್ತೆ ಗಾಜು ಮುಚ್ಚಿದ ಮೇಲೂ,
ಆ ಗೀರು ನನ್ನ ಕಣ್ಣಲ್ಲಿ
ಆರಲಿಲ್ಲ.