ಕೊಂಬು

ಬೀಜ ಬಡದ ಟಗರಿಗೆ ಮೊಲಿ ಬಾತು,
ಒತ್ತಿದ್ರ ಎರಡು ಹನಿ ಹಾಲು.
ಯಂಕೋಬ ಮೊದಲು ನಕ್ಕ. ಆಮ್ಯಾಲೆ ಉಗುಳಿದ.
ಆಮ್ಯಾಲೆ ಹಟ್ಟಿ ಹಿಂದ ಹೋಗಿ ಒಬ್ಬನ ನಿಂತ.

ಕಾರಟಗಿ ಕಾಲುವಿ ನೀರಾಗ
ಕ್ಯಾಂಪಿನ ಸತ್ತಿಬಾಬು ಬಿತ್ತಿದ ಕುದುರಿಮೆಂತೆ.
ಹೇನು ಬಡದು ಎಲಿಮ್ಯಾಲೆ ಕಂದು ಚುಕ್ಕಿ.
"ನಮ್ಮ ಎಮ್ಮಿಗೆ ಬ್ಯಾಡ, ನೀವು ಮೇಸ್ಕೋರಿ" ಅಂದ.
ಮೇವು ಪುಕ್ಕಟೆ, ಹಿಕ್ಕಿ ಅವನ ಹೊಲಕ್ಕ.
ಒಂದು ತಿಂಗಳು ಮೇದ್ವು. ಉಣ್ಣಿ ಮಿಂಚಿತು.
ಬೆದಿಗೆ ಬಂದ ಕುರಿ ಮತ್ತ ಬೆದಿಗೆ ಬಂತು,
ಮತ್ತ ಬಂತು.
ಒಂದೂ ಗಬ್ಬ ನಿಲ್ಲಲಿಲ್ಲ.

ಶಂಶಾದ್ ಡಾಕ್ಟರಮ್ಮ ಸ್ಕೂಟಿಮ್ಯಾಲೆ ಬಂದ್ಲು.
ದುಪಟ್ಟಾ ಸೊಂಟಕ್ಕ ಬಿಗದು
ಟಗರಿನ ಮೊಲಿ ಮುಟ್ಟಿ ನೋಡಿದ್ಲು. ನಗಲಿಲ್ಲ.
"ಈ ಸೊಪ್ಪಿನಾಗ ಹೆಣ್ಣಿನ ಗುಣ ಐತಿ.
ಇವುಗಳ ದೊಡ್ಡಹೊಟ್ಟ್ಯಾಗ ಕಣ್ಣಿಗೆ ಕಾಣದ ಹುಳ
ಕೋಟಿಗಟ್ಟಲೆ ಕುಂತಾವ, ಮೇದದ್ದೆಲ್ಲ ಬಿಚ್ಚತಾವ.
ಒಂದರ ತುದಿ ಮುರದ್ರ ಅದು ತಣ್ಣಗಾಗತೈತಿ.
ಇನ್ನೊಂದರ ತುದಿ ಮುರದ್ರ ಇನ್ನಷ್ಟು ಚೂಪಾಗತೈತಿ.
ಅವಕ್ಕೇನು ಗೊತ್ತು? ಮುರಿಯೂದಷ್ಟ ಗೊತ್ತು."

ಯಂಕೋಬಗ ತಿಳೀಲಿಲ್ಲ. ನನಗ ತಿಳೀತು.
ರಾತ್ರಿಶಾಲ್ಯಾಗ ನಾನು ಕೊಂಬು ಬಿಟ್ಟು ಬರಿಯಾಕಿ.
'ಮುರಿ' ಬರಿ ಅಂದ್ರ 'ಮರಿ' ಬರದೆ,
ಮಾಸ್ತರು ನಕ್ಕು ಬಿಟ್ರು.
'ಕುಡಿ' ಬರಿ ಅಂದ್ರ 'ಕಡಿ' ಬರದೆ,
ಬಳ್ಳಿನಮ್ಯಾಲೆ ಸ್ಕೇಲು ಬಿತ್ತು.
ಬಿಟ್ಟದ್ದು ಎರಡೂ ಸಲ ಅದ ಕೊಂಬು.

ಆ ರಾತ್ರಿ ಹಟ್ಟ್ಯಾಗ ನಿದ್ದಿಲ್ಲದ ಕುಂತೆ.
ನೂರಾ ಹನ್ನೊಂದು ದವಡಿ ಕತ್ತಲದಾಗ ಆಡತಿದ್ವು,
ಹಗಲು ನುಂಗಿದ್ದನ್ನ ಮತ್ತ ಬಾಯಿಗೆ ತಂದು.
ಒಂದರ ಎಡಪಕ್ಕಿಗೆ ಕಿವಿ ಹಚ್ಚಿದೆ.
ಒಳಗ ಬ್ಯಾಳಿ ಕುದಿಯೂ ಸಪ್ಪಳ,
ಅದರ ಅಡಿಗೆ ಇನ್ನೊಂದು, ಸಣ್ಣದು,
ಯಾರೋ ಅಂಗೈಲೆ ಪಾಟಿ ಒರಸಿದಂಗ.

ಬೆಳಕಾಗೂದ್ರಾಗ ಕುಷ್ಟಗಿ ಮರಡಿ ಕಡೆ ಹೊಡದ್ವಿ.
ಜ್ವಾಳದ ಕಣಕಿ, ಜಾಲಿಕಾಯಿ, ಒಣಹುಲ್ಲು.
ನಲವತ್ತು ದಿನ ಹಸರಿನ ಹೆಸರೆತ್ತಲಿಲ್ಲ.
ಟಗರಿನ ಹಾಲು ಬತ್ತಿತು.
ಸಂತಿಗೆ ಹೊಡಿ ಅಂದ್ರ ಯಂಕೋಬ ಕಿವಿ ಕೆರಕೋತಾನ,
ಅದರ ಮೂತಿ ನೋಡತಾನ, ಇನ್ನೊಂದನ್ನ ಹಿಡಕೊಂಡು ಹೋಗತಾನ.

ಮೊನ್ನೆ ಡಾಕ್ಟರಮ್ಮ ಒಂದೊಂದ ಹೊಟ್ಟಿ ತಡವಿ
ವಹಿ ನನ್ನ ಕೈಗೆ ಕೊಟ್ಲು, "ನೀನ ಬರಿ ಹುಲಿಗೆವ್ವ."
ಬರದೆ: 'ಗಬ್ಬ ಏಳು ಕರಿ.'
ಆಕಿ ಪೆನ್ನು ತಗೊಂಡು ಏನೋ ತಿದ್ದಾಕ ಬಗ್ಗಿದಾಕಿ
ಕುರಿ ಕಡೆ ನೋಡಿ ಸುಮ್ಮನಾದ್ಲು.

ಏಳರಾಗ ಆರು ಕರೀವ ಇದ್ವು.