ಹದಿನಾಲ್ಕನೇ ಕಾಲಂ

ನಿಮ್ಮ ಮೇಲೆ ಎಂದಾದರೂ ಯಾವುದಾದರೂ ಪ್ರಕರಣ...
ಅಷ್ಟು ಓದಿ ಪೆನ್ನಿನ ಕ್ಯಾಪು ಮುಚ್ಚಿದೆ.
ಸುಗಂಧಾ ವಿಠೋಬ ದುರ್ಗೇಕರ್, ಕೋಡಿಬಾಗ, ಕಾರವಾರ,
ಜಿಎನ್‌ಎಂ, ಕೌನ್ಸಿಲ್ಲಿನ ನೋಂದಣಿ ಸಂಖ್ಯೆ,
ಹೆಪಟೈಟಿಸ್ ಚುಚ್ಚುಮದ್ದಿನ ಮೂರು ತಾರೀಖು,
ಹದಿಮೂರರ ತನಕ ಅಕ್ಷರ ದುಂಡಗೆ ಬಂದಿತ್ತು.
ಹದಿನಾಲ್ಕಕ್ಕೆ ಎರಡು ಚೌಕ: ಹೌದು, ಇಲ್ಲ.
ಒಂದು ಗುಳಿಗೆಯೂ ಹಿಡಿಸದಷ್ಟು ಚಿಕ್ಕವು.

ನನಗಾಗ ಹತ್ತೊಂಬತ್ತು.
ಪೋಳೆಂನಿಂದ ಬರುವ ಬಸ್ಸು, ಕಿಟಕಿಯ ಸೀಟು,
ಕಾಲಡಿ ಒಣ ಬಂಗಡೆಯ ಬುಟ್ಟಿ,
ಬಂಗಡೆಯಡಿ ಪೇಪರು, ಪೇಪರಿನಡಿ ಹನ್ನೆರಡು ಬಾಟಲಿ.
ನಾಲ್ಕು ಸಲ ಯಾರೂ ಕೇಳಿರಲಿಲ್ಲ.
ಐದನೇ ಸಲ ಮಾಜಾಳಿ ಗೇಟಿನಲ್ಲಿ
ಹೊಸದಾಗಿ ಬಂದ ಗಾರ್ಡು, ಮೀನು ತಿನ್ನದವನು,
ಮೂಗು ಮುಚ್ಚಿಕೊಂಡೇ ಬುಟ್ಟಿಗೆ ಕೋಲು ಚುಚ್ಚಿದ.
ಗಾಜು ಟಣ್ ಎಂದಿತು. ಅಷ್ಟೇ.

ಫೀಜಿಗಾಗಿ ಎನ್ನಬಹುದು. ಎಲ್ಲರಿಗೂ ಹಾಗೇ ಹೇಳಿದ್ದೇನೆ.
ಫೀಜನ್ನು ಆಯಿ ಸಂಘದ ಸಾಲದಲ್ಲಿ ಕಟ್ಟಿ ಆಗಿತ್ತು.
ನನಗೆ ಬೇಕಿದ್ದದ್ದು ಒಂದು ಫೋನು,
ಹಾಸ್ಟೆಲ್ಲಿನ ರೂಮ್‌ಮೇಟ್ ಬಳಿ ಇದ್ದಂಥದು, ನೀಲಿ.

"ತಪ್ಪೊಪ್ಪಿಕೋ, ಇವತ್ತೇ ಮುಗಿಯುತ್ತದೆ" ಎಂದರು ವಕೀಲರು,
ಚಹಾದ ಮೇಲಿನ ಕೆನೆ ಊದುತ್ತ.
ದಂಡ ಕಟ್ಟಿದೆ, ರಸೀದಿ ಮಡಚಿದೆ,
ಮಧ್ಯಾಹ್ನದ ಅನಾಟಮಿ ಕ್ಲಾಸಿಗೆ ಹೋಗಿ ಕೂತೆ.
ಮುಗಿಯುವುದೆಂದರೆ ಅಲ್ಲಿ
ಫೈಲಿಗೊಂದು ನಂಬರು ಬೀಳುವುದು ಎಂದು
ಆ ಹೊತ್ತು ಯಾರಿಗೆ ಗೊತ್ತು?

ಮಂಗಳೂರಿನಲ್ಲಿ 'ಇಲ್ಲ' ಎಂದು ಗುರುತು ಹಾಕಿದ್ದೆ.
ಹದಿನೇಳನೇ ದಿನ, ಐಸಿಯುವಿನ ಬಾಗಿಲಲ್ಲೇ,
ಕೊರಳಿನ ಐಡಿ ಕಾರ್ಡು ಬಿಚ್ಚಿಸಿಕೊಂಡರು.
ಕೇಸಿಗಲ್ಲಮ್ಮಾ, ಮುಚ್ಚಿಟ್ಟದ್ದಕ್ಕೆ ಎಂದರು.
ಕುಮಟೆಯಲ್ಲಿ 'ಹೌದು' ಎಂದು ಹಾಕಿದೆ.
ಅವರು ಕರೆಯಲೇ ಇಲ್ಲ.

ಎರಡು ವರ್ಷದಿಂದ ಬಾಡದ ಒಬ್ಬ ನಿವೃತ್ತ ಮಾಸ್ತರರಿಗೆ
ಮನೆಯಲ್ಲೇ ಕ್ಯಾಥೆಟರ್ ಬದಲಿಸುತ್ತೇನೆ, ಬೆನ್ನಿನ ಹುಣ್ಣು ತೊಳೆಯುತ್ತೇನೆ.
ಅಲ್ಲಿ ಫಾರಂ ಇಲ್ಲ. ಪಿಎಫ್ ಕೂಡ ಇಲ್ಲ.
ಕಪಾಟಿನ ಕೀಲಿ ಮಾತ್ರ
ಮೊದಲ ದಿನವೇ ನನ್ನ ಕೈಗೆ ಬಂದಿದೆ.

ಮತ್ತೆ ಪೆನ್ನು ತೆಗೆದಾಗ ನೆನಪಾದದ್ದು ಸಿಸ್ಟರ್ ಕ್ಲೆಮೆನ್ಶಿಯಾ.
ಚಾರ್ಟಿನಲ್ಲಿ ವೈಟ್‌ನರ್ ಕಂಡರೆ ಕೆಂಡವಾಗುತ್ತಿದ್ದರು.
"ಗೀಚಬೇಡಿ, ಹರಿಯಬೇಡಿ, ಮೇಲೆ ಮೇಲೆ ತಿದ್ದಬೇಡಿ.
ತಪ್ಪಿದರೆ ಒಂದೇ ಗೆರೆ.
ಕೆಳಗಿನದು ಓದಲು ಬರಬೇಕು.
ಪಕ್ಕದಲ್ಲಿ ಸರಿಯಾದದ್ದು, ಸಹಿ, ಗಂಟೆ."
ನಿನ್ನೆ ಏನು ಕೊಟ್ಟೆವೆಂದು ತಿಳಿಯದೆ
ಇವತ್ತು ಏನು ಕೊಡುತ್ತೀರಿ, ಎನ್ನುತ್ತಿದ್ದರು.

ಹೌದು.
'ವಿವರ' ಎಂಬಲ್ಲಿ ಒಂದೇ ಸಾಲಿನ ಜಾಗ,
ಹಾಳೆಯ ಬೆನ್ನಿಗೆ ತಿರುಗಿಸಿ ಬರೆದೆ.
ನೀಲಿ ಫೋನನ್ನೂ ಬರೆದೆ. ಅದನ್ನು ಯಾರೂ ಕೇಳಿರಲಿಲ್ಲ.

ನಿನ್ನೆ ವೆರಿಫಿಕೇಶನ್ನಿಗೆ ಪೊಲೀಸರೊಬ್ಬರು ಬಂದರು.
ಪಕ್ಕದ ಮನೆಯ ಗುಲಾಬಿ ಮಾವ್ಶಿ
ಬಾಗಿಲಲ್ಲೇ ನಿಂತು ಸಾಕ್ಷಿ ಹೇಳಿದಳು: ಹುಡುಗಿ ಅಪ್ಪಟ ಬಂಗಾರ.
ಆ ಹನ್ನೆರಡರಲ್ಲಿ ಎರಡು
ಅವಳ ಗಂಡನಿಗೆಂದೇ ತಂದವು.

ಸಹಿ ಮಾಡಿಸಿಕೊಂಡರು, ಎದ್ದರು, ಮತ್ತೆ ಕೂತರು.
ಹೇಗೂ ಸಿಸ್ಟರ್ ಅಲ್ಲವೇ ಎಂದು
ತೋಳು ಮಡಚಿ ಚಾಚಿದರು.
ಪಟ್ಟಿ ಬಿಗಿದು ಗಾಳಿ ತುಂಬಿ ಕಿವಿಗೊಟ್ಟೆ.
ಖಾಕಿಯೊಳಗೆ ಯಾರೋ ಬಾಗಿಲು ಬಡಿಯುವ ಸದ್ದು.
"ಮುಂದಿನ ತಿಂಗಳು ಇಲಾಖೆಯ ಮೆಡಿಕಲ್ಲು,
ಜಾಸ್ತಿ ಇದ್ದರೆ ಸ್ವಲ್ಪ ನೋಡಿ ಹೇಳಿ" ಎಂದು ನಕ್ಕರು.
ನನ್ನ ಫಾರಂ ಅವರ ತೊಡೆಯ ಮೇಲಿತ್ತು,
ಇನ್ನೂ ಷರಾ ಬರೆಯದ ಜಾಗ ಮೇಲಾಗಿ.

ನೂರಾ ಅರವತ್ತು, ನೂರು.
ಇದ್ದಷ್ಟೇ ಹೇಳಿದೆ.
ಚೀಟಿಯಲ್ಲಿ ಬರೆದೂ ಕೊಟ್ಟೆ, ಗಂಟೆ ಸಮೇತ.