ಐದನೇ ನಂಬರಿನ ಅಂಗಿ

ಆಟ ನಾನು ನೋಡಿದ್ದೇ ಕಡಿಮೆ.
ಹೊರಗೆ ಮುನ್ನೂರು ಜನ ಕೂಗುವಾಗ
ಒಳಗೆ ಚಹಾದ ಹಂಡೆ ಉಜ್ಜುತ್ತಿರುತ್ತಿದ್ದೆ.
ಆದರೂ ಇನ್ವರ್‌ಕೆಲ್ಲಿ ಥಿಸಲ್ ತಂಡದಲ್ಲಿ
ಯಾರು ಬಿದ್ದರು, ಯಾರು ಬಿದ್ದ ಹಾಗೆ ಮಾಡಿದರು,
ಭಾನುವಾರ ಬೆಳಿಗ್ಗೆ ನನ್ನನ್ನು ಕೇಳಬೇಕು.
ಎಫಿ ಸ್ಟ್ರಾಕನ್‌ಳ ಒಗೆಯುವ ಯಂತ್ರದ ಮುಂದೆ
ಯಾವ ಅಂಗಿಯೂ ಸುಳ್ಳು ಹೇಳಿದ್ದಿಲ್ಲ.

ಐದನೇ ನಂಬರು ಗ್ರೆಗರ್ ಡಾಲ್ಗಾರ್ನೊನದು.
ಗ್ಲಾಸ್ಗೋದ ದೊಡ್ಡ ಕ್ಲಬ್ಬು ಎರಡು ಸಾಲಿನ ಕಾಗದ ಕೊಟ್ಟು
ಕೈಬಿಟ್ಟ ಹುಡುಗ. ಇಪ್ಪತ್ತು ವರ್ಷ, ಉದ್ದ ಕತ್ತು.
ಹಗಲು ಮನೆಗಳ ಮಾಡಿಗೆ ಸ್ಲೇಟು ಹೊದಿಸುತ್ತಿದ್ದ,
ಮಂಗಳವಾರ, ಗುರುವಾರ ದೀಪದಡಿ ಓಡುತ್ತಿದ್ದ.
ಎತ್ತರಕ್ಕೆ ಹೆದರಿದವನಲ್ಲ; ಚೆಂಡು ಎಷ್ಟು ಮೇಲಿದ್ದರೂ
ಹಣೆ ಕೊಟ್ಟೇ ಕೊಡುತ್ತಿದ್ದ.
ಕಾಲರಿನಲ್ಲಿ ರಕ್ತ. ತಣ್ಣೀರು, ಉಪ್ಪು,
ಒಂದು ರಾತ್ರಿ ನೆನೆಯಬೇಕು.
ಬಿಸಿನೀರು ಹಾಕಿದಿರೋ, ಕಲೆ ಕೂತುಬಿಡುತ್ತದೆ.

ಎಲ್ಗಿನ್‌ನಿಂದ ಕಪ್ಪು ಕೆಸರು ತಂದ,
ಸ್ಟ್ರಾನ್‌ರಾರ್‌ನಿಂದ ಬರೀ ನೀರು, ಬಸ್ಸಿನ ಮುಗ್ಗಲು ವಾಸನೆ.
ಪ್ಲಾಸ್ಟಿಕ್ ಹುಲ್ಲು ಬಂದ ಮೇಲೆ ರಬ್ಬರಿನ ಕಾಳು,
ಸಾಸಿವೆಯ ಹಾಗೆ, ನನ್ನ ಅಡುಗೆಮನೆ ತುಂಬ;
ಬೆಕ್ಕಿನ ಬಟ್ಟಲಲ್ಲೂ ಸಿಕ್ಕಿತು.
ಒಮ್ಮೆ ಬೆನ್ನ ಮೇಲೆ ಐದು ಬೆರಳಿನ ಗುರುತು, ಅಚ್ಚೊತ್ತಿದ ಹಾಗೆ.
ಯಾರೋ ಗೆದ್ದ ಖುಷಿಗೆ ಅಪ್ಪಿಕೊಂಡದ್ದು.
ಅದನ್ನು ಬುಧವಾರದವರೆಗೆ ಒಗೆಯಲಿಲ್ಲ.
ನಾಲ್ಕನೇ ದರ್ಜೆಯಲ್ಲಿ ಅಂಥ ಭಾನುವಾರ
ಬೆರಳೆಣಿಕೆಗೂ ಸಾಲದು.

ಅವನಿಗೆ ಮೂವತ್ತೈದಾದ ವರ್ಷ ಮ್ಯಾನೇಜರ್ ಕೈಕೊಟ್ಟ.
ಅಧ್ಯಕ್ಷ ಮಿಲ್ನ್, ಮಾಂಸದಂಗಡಿಯವನು,
ಏಪ್ರನ್ ಬಿಚ್ಚದೆಯೇ ಬಂದು ಹೇಳಿದ:
"ಗ್ರೆಗರ್, ನೀನೇ ನೋಡಿಕೋ. ಆಟವನ್ನೂ ಆಡು.
ಸಂಬಳ ಮಾತ್ರ ಒಂದೇ."
ಅಂದಿನಿಂದ ಚಡ್ಡಿಯ ಪಟ್ಟಿಯಲ್ಲಿ ಮಡಚಿದ ಚೀಟಿಗಳು.
ನೆನೆದು ಮುದ್ದೆಯಾದವನ್ನು ಬಿಡಿಸಿ
ಹೀಟರಿನ ಮೇಲೆ ಒಣಗಿಸಿ ಓದುತ್ತಿದ್ದೆ. ತಪ್ಪೇನು?
"ರೂರಿಗೆ ಎಡಗಾಲು ಬಳಸಲು ಹೇಳು."
"ಡೀಸೆಲ್ ದುಡ್ಡು ಯಾರದು?"
"ಲಾಕ್ಲನ್‌ನ ಅಪ್ಪ ಆಸ್ಪತ್ರೆಯಲ್ಲಿ. ಬಯ್ಯಬೇಡ."
ಆಮೇಲೆ ಹನ್ನೊಂದು ಹೆಸರು,
ಹತ್ತು ಶಾಯಿಯಲ್ಲಿ, ಕಲಸಿ ನೀಲಿಯಾಗಿ.
ತನ್ನದನ್ನು ಕಟ್ಟಕಡೆಗೆ ಬರೆಯುತ್ತಿದ್ದ,
ಪೆನ್ಸಿಲಿನಲ್ಲಿ.

ಮಂಡಿಗೆ ಸುತ್ತುವ ಪಟ್ಟಿ ವರ್ಷವರ್ಷಕ್ಕೂ ಉದ್ದವಾಯಿತು.
ಅವನು ಈ ಊರಿಗೆ ಬಂದ ವರ್ಷ ಹುಟ್ಟಿದ ಹುಡುಗರು
ಅವನನ್ನು ದಾಟಿ ಓಡತೊಡಗಿದರು. ಹಾಗಂತ ಕೇಳಿದ್ದು.
ನನಗೆ ಕಂಡದ್ದು ಎದೆಯ ಕೆಸರು ಕಡಿಮೆಯಾಗಿ
ಬೆನ್ನಿನ ಕೆಸರು ಹೆಚ್ಚಿದ್ದು.

ನವೆಂಬರಿನ ಒಂದು ಭಾನುವಾರ
ಚೀಲ ಸುರುವಿದೆ. ಹದಿಮೂರು ಕೊಳಕು ಅಂಗಿ,
ನಡುವೆ ಐದನೆಯದು,
ನಾನು ಮಡಚಿದ ಮಡಿಕೆಯಲ್ಲೇ, ನನ್ನದೇ ಸೋಪಿನ ವಾಸನೆಯಲ್ಲಿ.
ಯಾರೂ ಬಾಯಿಬಿಟ್ಟಿರಲಿಲ್ಲ.
ಚೀಟಿ ಹುಡುಕಿದೆ. ಕೊನೆಯ ಸಾಲನ್ನು ಅಳಿಸಿ ಅಳಿಸಿ
ಕಾಗದವೇ ಹರಿದಿತ್ತು. ಹರಿದ ತೂತಿನ ಪಕ್ಕ
ರೂರಿ ಗಿಲಂಡರ್ಸ್ ಅಂತಿತ್ತು.

ಒಗೆದದ್ದನ್ನೇ ಮತ್ತೆ ಒಗೆಯುವುದೆ?
ಹಾಕಿದೆ. ಉಳಿದವರ ಜೊತೆ ಅದೂ ಸುತ್ತಲಿ ಅಂತ.
ಮಿಲ್ನ್‌ಗೆ ಪುಡಿಯ ಲೆಕ್ಕ ಹೇಳಲಿಲ್ಲ.

ಫೆಬ್ರುವರಿಯಲ್ಲಿ ಸಮುದ್ರದ ಮಂಜು ಮೈದಾನ ನುಂಗಿದ ದಿನ
ಗೋಲ್‌ಕೀಪರ್ ಮಣಿಕಟ್ಟು ಮುರಿದುಕೊಂಡ.
ಅವನ ದಿನದ ಕೆಲಸ ಗೋಡೆಗೆ ಗಾರೆ ಬಳಿಯುವುದು, ಪಾಪ.
ಬದಲಿ ಯಾರೂ ಇರಲಿಲ್ಲ.
ಭಾನುವಾರ ಬಂದದ್ದು ಗೋಲ್‌ಕೀಪರಿನ ಹಸಿರು ಅಂಗಿ,
ಕತ್ತಿನಿಂದ ಅಂಚಿನವರೆಗೆ ಕೆಸರೇ ಕೆಸರು,
ಒಂದು ಮೊಣಕೈ ಹರಿದು ಜೋತುಬಿದ್ದಿತ್ತು.
ಚಡ್ಡಿಯ ಪಟ್ಟಿಯಲ್ಲಿ ಚೀಟಿ,
ಈ ಸಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದು ಹನಿ ನೀರು ತಾಗದಂತೆ:

"ನಾಲ್ಕು ಗೋಲು ಬಿಟ್ಟೆ, ಎಫಿ.
ಐದನೆಯದನ್ನು ಹಿಡಿದೆ."